ಕೂತು ಆರಿಸಿದ ನೆಲ

"ನಿನ್ನ ಮಗಳು ಡಿಗ್ರಿ ಮಾಡುದುಂಟಾ? ಆಗ್ಲಿಕ್ಕೇ ಇಲ್ಲ, ಬಿಡು." ನನ್ನ ಅಮ್ಮನಿಗೆ ಹೀಗೆ ಹೇಳಿದ್ದು ಊರಿನವರಲ್ಲ, ಅವಳ ಸ್ವಂತ ಅಣ್ಣ. ನನ್ನ ಸೋದರಮಾವ. ನಮ್ಮ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದವರೇ ಇರಲಿಲ್ಲ. ಪಾಪ, ಅವರಿಗೆ ಬೇರೆ ಮಾತು ಬರುವುದಾದರೂ ಎಲ್ಲಿಂದ?

ನಾನು ಬಿ.ಕಾಂ. ಮುಗಿಸಿದೆ. ಈಗ ಮೂಡುಬಿದಿರೆಯ ಒಂದು ಪಾರ್ಸೆಲ್ ಆಫೀಸಿನಲ್ಲಿ ಮ್ಯಾನೇಜರ್. (ಅದೇ ಮಾವ ಈಗ ಮದುವೆ ಮನೆಗಳಲ್ಲಿ ನನ್ನನ್ನು "ನಮ್ಮ ಮ್ಯಾನೇಜರ್" ಎಂದು ಪರಿಚಯ ಮಾಡಿಸುತ್ತಾರೆ. ಇರಲಿ.)

ಈ ಬೇಸಿಗೆಯಲ್ಲಿ ನಮ್ಮ ಆಫೀಸು ಹೊಸ ಕಟ್ಟಡಕ್ಕೆ ಬಂತು. ಅದನ್ನು ಕಟ್ಟಿಸುವಾಗ ನೆಲಕ್ಕೆ ಏನು ಹಾಕಿಸುವುದು ಎಂಬ ಪ್ರಶ್ನೆ ಎದ್ದಾಗ ಧಣಿಗಳು ನನ್ನತ್ತ ಕೈ ತೋರಿಸಿದರು. ನೀವು ಓದಿದವರು, ನೀವೇ ನೋಡಿ ಎಂದರು. ಈ ಒಂದು ಮಾತಿಗೆ ನಾನು ಯಾವತ್ತೂ ಉಬ್ಬುತ್ತೇನೆ.

ಬಿ.ಸಿ. ರೋಡಿನ ಟೈಲ್ಸ್ ಅಂಗಡಿಗೆ ಹೋದೆ. ಕುರ್ಚಿ ಕೊಟ್ಟರು, ಜ್ಯೂಸ್ ಕೊಟ್ಟರು. ಸೇಲ್ಸ್‌ಮನ್ ಒಂದೊಂದೇ ಟೈಲ್ಸ್ ಎತ್ತಿ ಬೆಳಕಿಗೆ ಹಿಡಿದು ತೋರಿಸಿದ. ಹೊಳಪು ನೋಡಿದೆ. ಬಣ್ಣ ನೋಡಿದೆ. ಕಲೆ ಹಿಡಿಯುತ್ತದಾ ಎಂದು ಕೇಳಿದೆ. ಇದರ ಮೇಲೆ ದಿನಕ್ಕೆ ಎಂಟು ಗಂಟೆ ನಿಂತರೆ ಏನಾಗುತ್ತದೆ ಎಂದು ಕೇಳಿದೆನಾ? ಇಲ್ಲ. ಮುಖ ಕಾಣುವಷ್ಟು ಹೊಳೆಯುವುದನ್ನು ಆರಿಸಿ ಬಂದೆ.

ಅಷ್ಟು ಚಂದದ ನೆಲ ಕೆಡಬಾರದಲ್ಲ? "ಚಪ್ಪಲಿ ಹೊರಗೆ ಬಿಡಿ" ಎಂದು ನಾನೇ ಪ್ರಿಂಟ್ ತೆಗೆದು ಬಾಗಿಲಿಗೆ ಅಂಟಿಸಿದೆ. ಕ್ಲಿನಿಕ್ಕಿಗೂ ಕಂಪ್ಯೂಟರ್ ಕ್ಲಾಸಿಗೂ ಚಪ್ಪಲಿ ಕಳಚಿಯೇ ಹೋಗುವವರು ನಾವು. ಯಾರೂ ಎದುರಾಡಲಿಲ್ಲ.

ನಮ್ಮಲ್ಲಿ ನಾಲ್ಕು ಮಂದಿ ಹೆಂಗಸರು ಉದ್ದದ ಮೇಜಿನ ಮುಂದೆ ನಿಂತು ಪಾರ್ಸೆಲ್ ವಿಂಗಡಿಸುತ್ತಾರೆ. ಅಳದಂಗಡಿಯದ್ದು ಆಚೆ, ಬಂಟ್ವಾಳದ್ದು ಈಚೆ. ಕೂತರೆ ಕೈ ಎಟಕುವುದಿಲ್ಲ. ಅವರಲ್ಲಿ ಹಿರಿಯರು ಬೆಳುವಾಯಿಯ ಯಶೋದಕ್ಕ. ಮಳೆ ಶುರುವಾದದ್ದೇ ನನ್ನ ಹೊಳೆಯುವ ನೆಲ ಬೆವರತೊಡಗಿತು. ಕಾಲಿಟ್ಟರೆ ಥಂಡಿ, ಅವಸರದಲ್ಲಿ ನಡೆದರೆ ಜಾರಾಟ.

ಒಂದು ದಿನ ನೋಡುತ್ತೇನೆ, ಯಶೋದಕ್ಕ ಹಳೇ ಬಾಕ್ಸಿನ ರಟ್ಟು ಹಾಸಿ ಅದರ ಮೇಲೆ ನಿಂತಿದ್ದಾರೆ. ಅವತ್ತು ಧಣಿಗಳು ಬರುವವರಿದ್ದರು. ತೆಗೆಯಿರಿ ಯಶೋದಕ್ಕ, ಚಂದ ಕಾಣುವುದಿಲ್ಲ ಎಂದೆ. ಅವರು ಮಡಚಿ ಮೂಲೆಗಿಟ್ಟರು.

ವಾರ ಕಳೆದು ನನ್ನ ಮೇಜಿನ ಹತ್ತಿರ ಬಂದರು.

"ಮೇಡಂ, ಈ ತಿಂಗಳು ಮಾತ್ರ ಬರ್ತೇನೆ. ಹಿಮ್ಮಡಿ ಊರ್ಲಿಕ್ಕೆ ಆಗುದಿಲ್ಲ."

ನಿಮ್ಮ ಮಗಳದ್ದು ಡಿಗ್ರಿ ಕೊನೆಯ ವರ್ಷ ಅಲ್ಲವಾ ಎಂದು ಕೇಳಿದೆ.

"ಹೌದು. ಅವಳು ಹೇಳ್ತಾಳೆ, ನಾನು ಕಾಲೇಜು ಬಿಟ್ಟು ಕೆಲಸಕ್ಕೆ ಹೋಗ್ತೇನೆ, ನೀನು ಮನೆಯಲ್ಲಿ ಕೂರು ಅಂತ."

ಅವರನ್ನು ನನ್ನ ಕುರ್ಚಿಯಲ್ಲಿ ಕೂರಿಸಿ ಅವರ ಜಾಗದಲ್ಲಿ ನಾನು ನಿಂತೆ. ಬರಿಗಾಲಲ್ಲಿ. (ಮೇಡಂಗೆ ಮರ್ಲು, ತಲೆ ಕೆಟ್ಟಿದೆ ಎಂದು ಉಳಿದ ಮೂವರು ತಮ್ಮೊಳಗೇ ನಕ್ಕರು.) ಎರಡು ಗಂಟೆಯಾಗುವಷ್ಟರಲ್ಲಿ ಹಿಮ್ಮಡಿಯಿಂದ ಸೊಂಟದವರೆಗೆ ತಂತಿ ಎಳೆದು ಕಟ್ಟಿದ ಹಾಗಾಯಿತು. ಆಗ ಅಮ್ಮ ನೆನಪಾದಳು.

ಅಮ್ಮ ಪಾಣೆಮಂಗಳೂರಿನ ಹತ್ತಿರ ಹಂಚಿನ ಕಾರ್ಖಾನೆಯೊಂದರಲ್ಲಿ ಹಸಿ ಹಂಚಿನ ಅಂಚು ಸವರುತ್ತಿದ್ದಳು. ನಿಂತೇ. ಒದ್ದೆ ಸಿಮೆಂಟಿನ ಮೇಲೆ. ಸಂಜೆ ಬಂದವಳು ಕೈಕಾಲು ತೊಳೆದು, ನಮ್ಮ ಸೆಗಣಿ ಸಾರಿಸಿದ ನೆಲದ ಮೇಲೆ ಪಾದ ಊರಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದಳು. ದಿನವಿಡೀ ನಿಂತದ್ದು ಸಾಲದಾ, ಕೂತುಕೋ ಎಂದರೆ ಕೇಳುತ್ತಿರಲಿಲ್ಲ. "ಈ ನೆಲಕ್ಕೆ ನನ್ನ ಕಾಲಿನ ಗುರ್ತ ಉಂಟು ಮಗಾ" ಎನ್ನುತ್ತಿದ್ದಳು. ತುಳುವಿನಲ್ಲಿ ಆ ಮಾತು ಇನ್ನೂ ಮೆತ್ತಗೆ ಕೇಳುತ್ತಿತ್ತು.

ಕೆಲಸ ಸಿಕ್ಕಿದ ಮೊದಲ ವರ್ಷವೇ ನಾನು ಆ ನೆಲಕ್ಕೆ ಟೈಲ್ಸ್ ಹಾಕಿಸಿದೆ. ಅಮ್ಮ ಬೇಡ ಎನ್ನಲಿಲ್ಲ. ಸಂಜೆ ಹೊತ್ತು ಅಂಗಳಕ್ಕೆ ಹೋಗಿ ನಿಲ್ಲತೊಡಗಿದಳು. ಯಾಕಮ್ಮ ಎಂದು ನಾನು ಒಂದು ದಿನವೂ ಕೇಳಲಿಲ್ಲ.

ಈಗ ಕೇಳುವ ಎಂದರೆ ಅಮ್ಮ ಇಲ್ಲ. ಆ ನೆಲವೂ ಇಲ್ಲ. ಒಂದೇ ಒಂದು ಸಂಜೆ ವಾಪಸು ಸಿಕ್ಕಿದ್ದರೆ ಅವಳ ಪಕ್ಕದಲ್ಲಿ ಬರಿಗಾಲಲ್ಲಿ ಸುಮ್ಮನೆ ನಿಂತುಕೊಳ್ಳುತ್ತಿದ್ದೆ.

ಮರುದಿನ ಬಾಗಿಲಿನ ಚೀಟಿ ಕಿತ್ತೆ. ಧಣಿಗಳಿಗೆ ಫೋನ್ ಮಾಡಿ ನಿಲ್ಲುವವರ ಜಾಗಕ್ಕೆ ದಪ್ಪ ರಬ್ಬರ್ ಮ್ಯಾಟ್ ಬೇಕು, ನಡುನಡುವೆ ಕೂರಲು ಎತ್ತರದ ಸ್ಟೂಲು ಬೇಕು ಎಂದೆ. "ಅಷ್ಟು ಹೊಳೆಯುವ ಟೈಲ್ಸ್ ಹಾಕಿಸಿ ಈಗ ಮುಚ್ಚುದಾ ಮಾರಾಯ್ರೆ?" ಎಂದರು. ಆರಿಸಿದ್ದು ನಾನು, ತಪ್ಪೂ ನನ್ನದೇ ಎಂದು ಒಪ್ಪಿಕೊಂಡೆ. ಓದಿದವಳ ಬಾಯಿಂದ ಈ ಮಾತು ಅವರು ನಿರೀಕ್ಷಿಸಿರಲಿಲ್ಲವೇನೋ, ನಕ್ಕು ಹೂಂ ಎಂದರು.

ಮ್ಯಾಟ್ ಆರಿಸಲು ಈ ಸಲ ಯಶೋದಕ್ಕನನ್ನೇ ಕರೆದುಕೊಂಡು ಹೋದೆ. ಅಂಗಡಿಯಲ್ಲಿ ಅವರು ಚಪ್ಪಲಿ ಕಳಚಿ ಒಂದೊಂದರ ಮೇಲೂ ನಿಂತು, ಭಾರ ಹಾಕಿ, ಹಿಂದೆಮುಂದೆ ತೂಗಿ ನೋಡಿದರು. ನಾಲ್ಕನೆಯದಕ್ಕೆ "ಇದು ಅಡ್ಡಿಲ್ಲ" ಎಂದರು. (ನಮ್ಮ ಕಡೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.) ಆಫೀಸು ಕಟ್ಟಿಸುವವರಿಗೆ ನಾನು ಹೇಳುವುದೂ ಇಷ್ಟೇ. ಯಾರು ನಿಲ್ಲುತ್ತಾರೋ ಅವರ ಪಾದ ಕರೆದುಕೊಂಡು ಹೋಗಿ. ಕುರ್ಚಿಯಲ್ಲಿ ಕೂತವರ ಕಣ್ಣಿಗೆ ನೆಲದ ಬಗ್ಗೆ ಏನು ಗೊತ್ತು?

ಯಶೋದಕ್ಕ ಕೆಲಸ ಬಿಡಲಿಲ್ಲ. ನೋವು ಪೂರ್ತಿ ಹೋಗಿಲ್ಲ, ಆದರೆ ನಿಲ್ಲಲಿಕ್ಕಾಗುತ್ತದೆ ಎನ್ನುತ್ತಾರೆ. ಮಗಳು ಕಾಲೇಜಿಗೆ ಹೋಗುತ್ತಿದ್ದಾಳೆ. ಅವಳು ಸರ್ಟಿಫಿಕೇಟ್ ತಂದು ಕೈಗೆ ಕೊಡುವ ದಿನ ಯಶೋದಕ್ಕ ಏನು ಹೇಳುತ್ತಾರೋ ನನಗೆ ಗೊತ್ತಿಲ್ಲ. ನಾನು ಕೊಟ್ಟ ದಿನ ಅಮ್ಮ ಕೆಲಸದಿಂದ ಆಗಷ್ಟೇ ಬಂದಿದ್ದಳು. ಕೈಯನ್ನು ಎರಡೆರಡು ಸಲ ಸೀರೆಗೆ ಒರೆಸಿ, ಕಾಗದದ ಅಂಚು ಮಾತ್ರ ಹಿಡಿದುಕೊಂಡು, ಒಂದೇ ಮಾತು ಕೇಳಿದಳು:

"ಇನ್ನು ನೀನು ಕೂತು ಕೆಲಸ ಮಾಡಬಹುದಲ್ವಾ ಮಗಾ?"