ಬೆನ್ನು ಕೊಟ್ಟು ನಿಲ್ಲಿಸಿದ ಬಾಗಿಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಶ್ರಯ ಕಟ್ಟಡದ ಹೊಸ್ತಿಲ ಬಳಿ ಮಂಡಿಯೂರಿ ಕುಳಿತ ಮಹಿಳೆಯೊಬ್ಬರು ಹಳೆಯ ಮರದ ಬಾಗಿಲಿನ ಕೀಲುಗಳಿಗೆ ಎಣ್ಣೆ ಬಿಡುತ್ತಿದ್ದಾರೆ. ಇವತ್ತು ಕಿತ್ತು ತೆಗೆಯಬೇಕಾದ ಬಾಗಿಲಿಗೆ ಎಣ್ಣೆಯ ಉಪಚಾರವೇಕೆ?

"ಸ್ಕ್ರೂ ಎಲ್ಲಾ ತುಕ್ಕು ಹಿಡಿದಿದೆ. ಜೋರು ಮಾಡಿದ್ರೆ ಮರ ಸೀಳುತ್ತೆ. ಅಪ್ಪ ಮಾಡಿದ ಬಾಗಿಲು ಇದು."

ಕೇರಿಯವರಿಗೆ ಇವರು ವೆಲ್ಡಿಂಗ್ ಅಕ್ಕ. ಬಿರುಗಾಳಿಯ ಎಚ್ಚರಿಕೆ ಬಂದಾಗ ಜನ ಓಡಿ ಬಂದು ಸೇರುವ ಕಟ್ಟಡಗಳನ್ನು ಗಟ್ಟಿಗೊಳಿಸುವುದು ಇವರ ಕೆಲಸ. ಚಾವಣಿಯ ತೊಲೆಗಳನ್ನು ಕಬ್ಬಿಣದ ಪಟ್ಟಿಗಳಿಂದ ಗೋಡೆಗೆ ಬಿಗಿಯುತ್ತಾರೆ, ಕಿಟಕಿಗಳಿಗೆ ಉಕ್ಕಿನ ಕದ ಕೂಡಿಸುತ್ತಾರೆ. ದಿನಕ್ಕೆ ಎರಡು ಕಿಟಕಿ ಮುಗಿದರೆ ಅದು ಒಳ್ಳೆಯ ದಿನ. ಸುತ್ತಲಿನ ಕಟ್ಟಡಗಳೆಲ್ಲ ಮುಗಿದಿವೆ. ತಮ್ಮ ಕೇರಿಯದನ್ನೇ ಕೊನೆಗೆ ಉಳಿಸಿಕೊಂಡಿದ್ದಾರೆ. ಕಾರಣ, ಈ ಬಾಗಿಲು. ಮತ್ತು ಅಮ್ಮ.

"ನಿಮ್ಮಪ್ಪನ ಬಾಗಿಲು ಕಿತ್ರೆ ನಾನು ಅಲ್ಲಿಗೆ ಕಾಲಿಡಲ್ಲ. ಗಾಳಿ ಬಂದ್ರೆ ಬರ್ಲಿ, ಮನೇಲೇ ಇರ್ತೀನಿ" ಎಂದು ಅಮ್ಮ ಹಟ ಹಿಡಿದು ತಿಂಗಳಾಗಿದೆ. ಆ ಮನೆಯ ಮೇಲಿರುವುದು ತೆಳು ತಗಡು. ಗಾಳಿಯ ಕಾಲ ಹತ್ತಿರದಲ್ಲಿದೆ.

ಹಟಕ್ಕೂ ಒಂದು ಹಿನ್ನೆಲೆಯಿದೆ. ಅಕ್ಕ ಚಿಕ್ಕವರಿದ್ದಾಗ ಒಂದು ಮಧ್ಯಾಹ್ನ ಕೇರಿಗೆ ಕೇರಿಯೇ ಈ ಕೋಣೆಯಲ್ಲಿ ಕಿಕ್ಕಿರಿದಿತ್ತು. ಒದ್ದೆ ಕಂಬಳಿಗಳ ವಾಸನೆ, ಯಾರದೋ ಮಡಿಲಲ್ಲಿ ಮುದುಡಿದ ಕೋಳಿ, ಬಡಗಿ ಅಪ್ಪನ ಕಿವಿಯ ಮೇಲೆ ಎಂದಿನಂತೆ ಸಿಕ್ಕಿಸಿದ ಪೆನ್ಸಿಲು. ಗಾಳಿಯ ಹೊಡೆತಕ್ಕೆ ಚಿಲಕ ಕಿತ್ತುಬಂತು. ಹತ್ತಿರವಿದ್ದವರೆಲ್ಲ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಗಾಳಿ ಇಳಿಯುವ ತನಕ ಕದಲಲಿಲ್ಲ.

"ಅಮ್ಮ ಹಂಗೇ ಬೆನ್ನು ಕೊಟ್ಕೊಂಡೇ ನನ್ನ ಎದುರಿಗೆ ನಿಲ್ಲಿಸ್ಕೊಂಡು ಜಡೆ ಹಾಕಿದ್ಲು. ಬಿಚ್ಚೋದು, ಮತ್ತೆ ಹಾಕೋದು. ನಾನು ಅಳಬಾರ್ದು ಅಂತ."

ಅಂದಿನಿಂದ ಕೇರಿಯ ಬಾಯಲ್ಲಿ ಇದು ಜೀವ ಉಳಿಸಿದ ಬಾಗಿಲು. ಆದರೆ ಒಳಕ್ಕೆ ತೆರೆಯುವ ಇಂಥ ಬಾಗಿಲಿಗೆ ಗಾಳಿಯೆದುರು ಇರುವ ಆಸರೆ ಚಿಲಕವೊಂದೇ. ಹೊರಕ್ಕೆ ತೆರೆಯುವ ಬಾಗಿಲನ್ನು ಗಾಳಿ ತಳ್ಳಿದಷ್ಟೂ ಅದು ಚೌಕಟ್ಟಿಗೆ ಒತ್ತಿ ಕೂರುತ್ತದೆ. ಬಾಗಿಲು ಸೋತು ಗಾಳಿ ಒಳನುಗ್ಗಿದರೆ ಚಾವಣಿಯನ್ನೂ ಒಳಗಿನಿಂದಲೇ ಎತ್ತುತ್ತದೆ.

"ಅಪ್ಪ ಮನೆಗೆ ಮಾಡೋ ಹಾಗೇ ಇದಕ್ಕೂ ಮಾಡಿಬಿಟ್ರು. ಬಾಗಿಲು ಅಂದ್ರೆ ಬಂದವರನ್ನ ಒಳಕ್ಕೆ ಕರೀಬೇಕು, ಎದೆಗೆ ಕೈಯಿಟ್ಟು ತಳ್ಳಬಾರ್ದು ಅಂತಿದ್ರು. ಮಾತು ಚೆನ್ನಾಗಿದೆ. ಗಾಳಿನೂ ಒಳಕ್ಕೆ ಕರೆದ್ಬಿಡ್ತು, ಅಷ್ಟೇ."

ಬಿಸಿಲೇರುವ ಹೊತ್ತಿಗೆ ಬಾಗಿಲು ಒಂದು ಸೀಳೂ ಇಲ್ಲದೆ ಇಳಿಯುತ್ತದೆ. ಸುದ್ದಿ ತಿಳಿದು ನೆರೆಯವರು ಸೇರುತ್ತಾರೆ. ಪಕ್ಕದ ಮನೆಯ ದರ್ಜಿ ಮಾಮ ಸೊಂಟ ಹಿಡಿದುಕೊಂಡು ಗೊಣಗುತ್ತಾರೆ: "ನನ್ನ ಬೆನ್ನು ಬಗ್ಗಿದ್ದು ಮಿಷನ್ ತುಳಿದಲ್ಲ ಕಣಮ್ಮ, ನಿಮ್ಮಪ್ಪನ ಬಾಗಿಲಿಂದ!"

"ಸುಮ್ನಿರಿ ಮಾಮ. ಆವತ್ತು ನೀವು ಅಮ್ಮನ ಮಗ್ಗುಲಲ್ಲಿ ಅಡಗಿ ಕೂತಿದ್ದು ನಾನು ನೋಡಿಲ್ವಾ?"

ನಗುವಿನ ನಡುವೆ ಅಮ್ಮ ಬಂದು ಹೊಸ್ತಿಲಾಚೆ ನಿಲ್ಲುತ್ತಾರೆ. ನಗುವುದಿಲ್ಲ.

ಅಕ್ಕ ವಾದಕ್ಕಿಳಿಯುವುದಿಲ್ಲ. ತಮ್ಮ ಶೆಡ್ಡಿನಲ್ಲಿ ಮೊದಲೇ ಬೆಸೆದು ತಂದ ಕಬ್ಬಿಣದ ಕಾಲುಗಳನ್ನು ಒಳಗೋಡೆಯ ಉದ್ದಕ್ಕೂ ನಿಲ್ಲಿಸುತ್ತಾರೆ. ಅವುಗಳ ಮೇಲೆ ಬಾಗಿಲನ್ನು ಮಲಗಿಸಿ ಬೋಲ್ಟು ಬಿಗಿಯುತ್ತಾರೆ. ಬಾಗಿಲೀಗ ಬೆಂಚು. ಕೈಯಿಂದ ಧೂಳು ಒರೆಸಿ ಹೇಳುತ್ತಾರೆ, "ನಿಂತಿದ್ದು ಸಾಕಮ್ಮ. ಬಾ, ಕೂತ್ಕೋ."

 ಅಮ್ಮ ಹೊಸ್ತಿಲು ದಾಟಿ ಬಂದು ಕೂರುತ್ತಾರೆ. ಚಿಲಕ ಕಿತ್ತ ಜಾಗದ ತೂತು ಇನ್ನೂ ಇದೆ, ಅದರಲ್ಲಿ ಬೆರಳಾಡಿಸುತ್ತಾರೆ.

"ಗಾಳಿ ಬಂದ್ರೆ ಈ ತುದಿ ನನ್ನದು. ದರ್ಜಿಗೆ ಕೊಡ್ಬೇಡ" ಎನ್ನುತ್ತಾರೆ. ಮಗಳನ್ನು ದಿಟ್ಟಿಸಿ, "ತಲೆ ನೋಡು, ಗುಬ್ಬಿ ಗೂಡಾಗಿದೆ. ತಿರುಗು."

ನೆಲದ ಮೇಲೆ ಕೂತು, ತಲೆಯನ್ನು ಅಮ್ಮನಿಗೊಪ್ಪಿಸಿ, ಅಕ್ಕ ಬಾಗಿಲಿಲ್ಲದ ಚೌಕಟ್ಟಿನತ್ತ ನೋಡುತ್ತಾರೆ. ಹೊರಕ್ಕೆ ತೆರೆಯುವ ಉಕ್ಕಿನ ಬಾಗಿಲು ಅಂಗಳದಲ್ಲಿ ಕಾಯುತ್ತಿದೆ. ಸಂಜೆಯೊಳಗೆ ಕೂಡಿಸಬೇಕು.

"ಮುಂದಿನ ಸಲ ಯಾರೂ ಬೆನ್ನು ಕೊಡೋ ಹಾಗಾಗ್ಬಾರ್ದು" ಎನ್ನುತ್ತಾರೆ, ಎಳೆತಕ್ಕೆ ಮುಖ ಕಿವುಚಿ. "ಹಿಂಗೇ ಕೂತು, ಜಡೆ ಹಾಕ್ಕೊಂಡಿರ್ಲಿ. ಅಷ್ಟು ಸಾಕು."