ರಟ್ಟಿಗೆ ಚುಚ್ಚಿಟ್ಟ ಬೋಲ್ಟುಗಳು

ಮಾಗಡಿ ದಾರಿಯಲ್ಲಿ ನನ್ನ ಹಳೇ ಜೀಪು ಆಯಿಲ್ ಸುರಿಸತೊಡಗಿದಾಗ ಗುಡೇಮಾರನಹಳ್ಳಿ ಹತ್ತಿರದ ಒಂದು ಗ್ಯಾರೇಜಿಗೆ ತಳ್ಳಿಸಿಕೊಂಡು ಹೋದೆ. ದೇಶವೆಲ್ಲ ಸುತ್ತಿದ ನನ್ನ ಕತೆ ಕೇಳುತ್ತಲೇ ಮೆಕ್ಯಾನಿಕ್ ಕೆಂಪಣ್ಣ ಎಂಜಿನ್ನಿನ ಮುಂದಿರುವ ಟೈಮಿಂಗ್ ಕವರ್ ಬಿಚ್ಚಿ, ಆಯಿಲ್ ಸೋರದಂತೆ ಅದರಡಿ ಕೂರಿಸಿದ್ದ, ಈಗ ಸವೆದ ಗ್ಯಾಸ್ಕೆಟ್ಟನ್ನು ಕೆರೆದು ತೆಗೆದ. ಬೋಲ್ಟುಗಳನ್ನು ಒಂದು ರಟ್ಟಿಗೆ ಚುಚ್ಚಿಟ್ಟು, ಹೊಸ ಗ್ಯಾಸ್ಕೆಟ್ ತರಲು ಪೇಟೆಗೆ ಹೋದ.

ಸುಮ್ಮನೆ ಕೂರುವುದು ನನಗೆ ಬರುವುದಿಲ್ಲ. ಬೋಲ್ಟುಗಳನ್ನೆಲ್ಲ ಕಿತ್ತು, ಪೆಟ್ರೋಲಿನಲ್ಲಿ ತೊಳೆದು, ಹೊಳೆಯುವಂತೆ ಒರೆಸಿ ತಟ್ಟೆಗೆ ಸುರಿದೆ. ಹೊಗಳಿಕೆಗೆ ಕಾದೆ.

ಕೆಂಪಣ್ಣ ಬಂದವನೇ ತಲೆ ಮೇಲೆ ಕೈ ಇಟ್ಟುಕೊಂಡ. "ಅಯ್ಯೋ ಅಕ್ಕ, ಏನ್ ಮಾಡ್ಬುಟ್ರಿ! ಯಾವ ತೂತಿಗೆ ಯಾವ ಬೋಲ್ಟು ಅನ್ನೋ ಲೆಕ್ಕವೇ ಆ ರಟ್ಟು. ಗಿಡ್ಡದ್ರ ಜಾಗಕ್ಕೆ ಉದ್ದದ್ದು ಬಿಗಿದ್ರೆ ಬ್ಲಾಕೇ ಸೀಳೋಯ್ತದೆ."

ಬ್ಲಾಕೆಂದರೆ ಎಂಜಿನ್ನಿನ ಒಡಲು; ಅದು ಸೀಳಿದರೆ ಜೀಪು ಗುಜರಿಗೇ ಸರಿ.

"ದೇಶವೆಲ್ಲ ಸುತ್ತಿದೀನಿ ಅಂತಿದ್ರಿ. ಅಲ್ಲೆಲ್ಲೂ ರಟ್ಟು ಇರ್ಲಿಲ್ವಾ?"

ಗೊಣಗುತ್ತಲೇ ಉಪಾಯ ಹುಡುಕಿದ. ಗ್ಯಾಸ್ಕೆಟ್ಟು, ಕವರು ಕೂರಿಸಿ, ಬೋಲ್ಟುಗಳನ್ನು ತಿರುಗಿಸದೆ ಬರೀ ತೂತಿಗೆ ತೂರಿಸಿದ. ಎಲ್ಲದರ ತಲೆಯೂ ಸಮನಾಗಿ ಹೊರಗೆ ನಿಲ್ಲಬೇಕಂತೆ. ಒಂದು ತೀರಾ ಚಾಚಿಕೊಂಡಿತ್ತು, ಇನ್ನೊಂದರ ತಲೆ ಕವರಿಗೇ ತಾಗಿ ಕೂತಿತ್ತು. ಅವೆರಡನ್ನೂ ಅದಲುಬದಲು ಮಾಡಿದ. ಎಲ್ಲ ಸಮವಾದ ಮೇಲೆ ಒಂದಾದ ಮೇಲೊಂದು ಎದುರುಬದುರಿನ ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿದ. ಎಂಜಿನ್ ಅರ್ಧ ಗಂಟೆ ಓಡಿದರೂ ಒಂದು ಹನಿ ಜಿನುಗಲಿಲ್ಲ.

ಹೊರಡುವಾಗ ಕೈ ತೊಳೆಯಲು ಸೋಪು ಕೇಳಿದೆ.

"ನಲ್ಲಿ ತಾವ ಐತೆ, ತಕ್ಕಳಿ," ಅಂದ. ಎರಡು ಹೆಜ್ಜೆ ಹೋಗಿದ್ದೆ. "ಅಕ್ಕ, ಕೈ ಮಾತ್ರ ತೊಳ್ಕಳಿ."