ಕೆಂಪನಿಗೊಬ್ಬ ಜೊತೆಗಾರ

ಬ್ಯಾಡಗಿಯಲ್ಲಿ ಬಸ್ಸಿನಿಂದ ಇಳಿದವಳೇ ಸೀನಲು ಶುರುಮಾಡಿದೆ. ಒಂದಲ್ಲ ಎರಡಲ್ಲ, ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಗಂಟಲಲ್ಲಿ ಬೆಂಕಿ. ಪೇಟೆಗೆ ಒಣಮೆಣಸಿನಕಾಯಿ ಬಂದು ಬೀಳುವ ಕಾಲ, ಊರಿಗೆ ಊರೇ ಒಗ್ಗರಣೆ ಹಾಕಿದ ಹಾಗಿತ್ತು. ನನ್ನ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಗಾಜಿನ ಭರಣಿ, ಅದರೊಳಗೆ ಕೆಂಪ. ಮೂಗು ಒರೆಸಿಕೊಳ್ಳಲೂ ಕೈ ಇಲ್ಲ ಮಾರಾಯ್ರೆ! ಪಕ್ಕದಲ್ಲಿದ್ದವರೊಬ್ಬರು, "ಹೊಸಬ್ರೇನ್ರಿ? ನಾಕ ದಿನಕ್ಕ ರೂಢಿ ಆಗತೈತಿ ತಗೋರಿ" ಎಂದು ನಕ್ಕರು.

ಕೆಂಪ ಅಂದರೆ ಬೆಟ್ಟಾ ಮೀನು, ಅಂಗಡಿಯವರ ಬಾಯಲ್ಲಿ 'ಫೈಟರ್'. ಹೆಬ್ಬೆರಳುದ್ದದ ಮೈ, ಸೀರೆಯ ನೆರಿಗೆಯಂಥ ಬಾಲ. ಕುಂದಾಪುರದವರಾದ ನಿಮಗೆ ಮೀನೆಂದರೆ ಬಂಗುಡೆ, ಭೂತಾಯಿ, ತಟ್ಟೆಗೆ ಬರಬೇಕಾದದ್ದು. ಅದನ್ನು ಭರಣಿಯಲ್ಲಿ ಇಟ್ಟುಕೊಂಡು ಊರೂರು ಸುತ್ತುವ ನನ್ನನ್ನು ನೋಡಿ ನೀವು ನಕ್ಕದ್ದು ನೆನಪಿದೆ. ಇಲ್ಲಿ ನಗುವಿನ ಬದಲು ಗಾಬರಿ ಕಾದಿತ್ತು. ಮೆಣಸಿನಕಾಯಿಯ ಕೆಂಪು ಬಣ್ಣ ಎಷ್ಟೆಂದು ಅಳೆಯುವ ಪ್ರಯೋಗಾಲಯದಲ್ಲಿ ನನಗೆ ಕೆಲಸ. ಅಲ್ಲಿಯವರೇ ಹುಡುಕಿಕೊಟ್ಟ ಮನೆಯ ಯಜಮಾನಿ ಗಂಗಕ್ಕ ಮೊದಲೇ ಫೋನಿನಲ್ಲಿ ಹೇಳಿದ್ದರು: "ನಮ್ಮ ಮನ್ಯಾಗ ಮೀನಾ, ಮಟನ್ನಾ ನಡ್ಯಂಗಿಲ್ಲ ನೋಡವಾ." ನಾನು ಹೂಂ ಅಂದಿದ್ದೆ. ಈಗ ಅದೇ ಬಾಗಿಲಲ್ಲಿ ಮೀನು ಹಿಡಿದು ನಿಂತಿದ್ದೇನೆ!

ಗಂಗಕ್ಕ ಭರಣಿಗೆ ಮುಖ ಹತ್ತಿಸಿ ನೋಡಿದರು. ಕೆಂಪ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ ಕೆಳಗಿಳಿದ. "ಜೀವ ಇದ್ದದ್ದು ಬ್ಯಾರೆ, ತಾಟಿನ್ಯಾಗಿಂದು ಬ್ಯಾರೆ. ಬಾರವಾ ಒಳಗ" ಎಂದರು.

ಕೆಂಪನ ಮನೆ ಸರಿಮಾಡಲು ಕಷ್ಟವಾಗಲಿಲ್ಲ. ಚಿಕ್ಕ ಭರಣಿ ದಾರಿಗೆ ಸರಿ, ಬದುಕುವುದಕ್ಕಲ್ಲ. ರಾಣೆಬೆನ್ನೂರಿನಿಂದ ಒಂದು ಕೊಡ ನೀರು ಹಿಡಿಯುವ ಗಾಜಿನ ತೊಟ್ಟಿ ತಂದೆ. ಒರಗಿ ಮಲಗಲು ಅಗಲ ಎಲೆಯ ಗಿಡ, ಹಾರಿ ಬೀಳದಂತೆ ಮುಚ್ಚಳ, ಮುಚ್ಚಳದ ಕೆಳಗೆ ಉಸಿರಾಡಲು ಬೆರಳಗಲ ಜಾಗ. ನಲ್ಲಿ ನೀರನ್ನು ಬಕೆಟ್ಟಿನಲ್ಲಿಟ್ಟು, ಔಷಧದ ವಾಸನೆ ಹೋದ ಮೇಲೆ ಹಾಕುತ್ತಿದ್ದೆ. ಅವನಿಗೆ ಅಷ್ಟು ಸಾಕು.

ನನ್ನ ಮನೆಯದೇ ಫಜೀತಿ. ಮೊದಲ ದಿನ ಸಂಜೆಯೇ ಗಂಗಕ್ಕನ ಅತ್ತೆ ಕಂಕುಳಲ್ಲಿ ಕೌದಿ ಇಟ್ಟುಕೊಂಡು ಬಂದರು. ಕೌದಿ ಅಂದರೆ ಹಳೆ ಸೀರೆಗಳನ್ನು ತೇಪೆ ಹಾಕಿ ಹೊಲಿದ ಹೊದಿಕೆ. ಅವರನ್ನು ಎಲ್ಲರೂ ಆಯಿ ಅನ್ನುತ್ತಾರೆ, ಅಂದರೆ ಅಜ್ಜಿ. "ಹೆಣ್ಣ ಹುಡುಗಿ ಒಬ್ಬಾಕಿನ ಹೆಂಗ ಮಲಗ್ತಿ? ನಾ ಜೋಡಿ ಮಲಗ್ತೇನಿ" ಎಂದು ನನ್ನ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಹಾಸಿಕೊಂಡೇಬಿಟ್ಟರು. ಬೇಡವೆಂದರೆ ನಾಚಿಕೆಯೆಂದುಕೊಂಡರು. ಇಲ್ಲಿ ಒಂಟಿಯಾಗಿರುವವರನ್ನು ಹಾಗೇ ಬಿಟ್ಟರೆ ಮನೆಯವರಿಗೇ ಅವಮಾನವಂತೆ. ನಾನು ಉಣ್ಣಲು ಕುಳಿತರೆ ಗಂಗಕ್ಕ ಎದುರು ಕೂರಬೇಕು, ರೊಟ್ಟಿ ಮುಗಿಯುವ ಮೊದಲೇ ಇನ್ನೊಂದು ಬೀಳಬೇಕು. ಫೋನಿನಲ್ಲಿ ಮಾತಾಡಿದರೆ "ಯಾರವಾ? ಅವ್ವನೇನು?" ಎಂದು ಆಯಿ ಕೇಳಬೇಕು. ಶನಿವಾರ ಆಯಿ ಕದರಮಂಡಲಗಿಯ ಹನಮಪ್ಪನ ಗುಡಿಗೆ ಹೋದರೆ ಅವರ ಜಾಗಕ್ಕೆ ಗಂಗಕ್ಕ ಬಂದು ಕುಳಿತರು. ನಮ್ಮೂರಲ್ಲಿ ನನ್ನ ಕೋಣೆಗೆ ಅಮ್ಮ ಕೂಡ ಬಾಗಿಲು ತಟ್ಟಿ ಬರುತ್ತಾಳೆ. ನನಗೆ ಬೇಕಾಗಿದ್ದುದು ಒಂದೇ: ಒಳಗಿನಿಂದ ಚಿಲಕ ಹಾಕಿಕೊಳ್ಳುವ ಒಂದು ಬಾಗಿಲು. ಇಷ್ಟು ಪ್ರೀತಿಯವರ ಮುಖಕ್ಕೆ ಅದನ್ನು ಹೇಳುವುದು ಹೇಗೆ? ಉಸಿರು ಕಟ್ಟುತ್ತಿತ್ತು. ಬಚ್ಚಲುಮನೆಯಲ್ಲಿ ಬೇಕಂತಲೇ ಹೊತ್ತು ಕಳೆಯುತ್ತಿದ್ದೆ; ಅಲ್ಲಿಗೂ ಹೊರಗಿನಿಂದ ದನಿ: "ಆರಾಮ ಅದಿಯಿಲ್ಲವಾ?"

ಒಂದು ದಿನ ಕೆಲಸದ ಮೇಲೆ ಹಾವೇರಿಗೆ ಹೋಗಿ ಸಂಜೆ ಬಂದೆ. ಗಂಗಕ್ಕ ಬಾಗಿಲಲ್ಲೇ ನಗುತ್ತ ನಿಂತಿದ್ದರು. "ನಿನ್ನ ಕೆಂಪಗ ಗೆಳ್ಯಾನ್ನ ತಂದೇನಿ! ಬಾ, ಲಗೂ ನೋಡು."

ತೊಟ್ಟಿಯಲ್ಲಿ ಎರಡು ಗಂಡು ಬೆಟ್ಟಾಗಳು. ನೀಲಿಯದು ಕಿವಿರು ಅರಳಿಸಿ ನಿಂತಿದೆ, ಕೆಂಪನ ಬಾಲ ಚಿಂದಿಯಾಗಿದೆ, ಮೇಲೆ ಬಂದು ಗಾಳಿ ನುಂಗಲೂ ಅವನಿಗೆ ಆಗುತ್ತಿಲ್ಲ. ನಾನು ಚೀಲ ಎಸೆದು, ಜರಡಿಯಲ್ಲಿ ನೀಲಿಯನ್ನು ಎತ್ತಿ ಬಕೆಟ್ಟಿಗೆ ಹಾಕಿದೆ.

"ಅಯ್ಯ ಶಿವನ! ಆಟಾ ಆಡಾಕತ್ತಾವ ಅನ್ಕೊಂಡಿದ್ನೆಲ್ಲ" ಎಂದರು ಗಂಗಕ್ಕ. "ದಿನಾ ಕನ್ನಡ್ಯಾಗ ತನ್ನ ನೆಳ್ಳ ನೋಡಿ ಗೆಳ್ಯಾನ್ನ ಕರದಂಗ ಮಾಡ್ತಿತ್ತು. ಪಾಪ ಅನ್ನಿಸ್ತು. ಅದಕ್ಕ ರಾಣೆಬೆನ್ನೂರಿಗೆ ಹೋಗಿ ಅದರಂಥಾದ್ದ ಹುಡುಕಿ ತಂದ್ನಿ."

ನನ್ನ ಮೇಜಿನ ಕನ್ನಡಿ ತೊಟ್ಟಿಗೆ ಎದುರಾಗಿತ್ತು. ಅದು ಕರೆಯುವುದಲ್ಲ, ಕೆಂಪ ತನ್ನ ನೆರಳಿನ ಮೇಲೇ ಯುದ್ಧಕ್ಕೆ ನಿಲ್ಲುವುದು. ಇದನ್ನು ಮೆಲ್ಲಗೆ ಹೇಳಬಹುದಿತ್ತು. ಆದರೆ ತಿಂಗಳುಗಟ್ಟಲೆ ನುಂಗಿದ್ದೆಲ್ಲ ಒಟ್ಟಿಗೇ ಬಾಯಿಗೆ ಬಂತು. "ಕೆಲವು ಜೀವಗಳಿಗೆ ಒಂಟಿಯಾಗಿರುವುದೇ ಬೇಕು ಗಂಗಕ್ಕ! ಯಾಕೆ ಬಿಡುವುದಿಲ್ಲ ನೀವು? ಜೊತೆ ಜೊತೆ ಅಂತ ಸಾಯಿಸಿಬಿಡ್ತೀರಿ!"

ಗಂಗಕ್ಕ ಮೀನಿನ ಮಾತೆಂದೇ ತಿಳಿದು ಸೆರಗಿನಿಂದ ಕಣ್ಣೊರೆಸಿಕೊಂಡರು. ಮೂಲೆಯಲ್ಲಿದ್ದ ಆಯಿಗೆ ಮಾತ್ರ ಪೂರ್ತಿ ತಿಳಿಯಿತು. ಎದ್ದು ಕೌದಿ ಮಡಚಿದರು. "ಆತ ಬಿಡವಾ. ಬಾಗಿಲ ಹಾಕ್ಕೊ" ಎಂದು ಹೊರಗೆ ಹೋದರು.

ಅಂದು ಚಿಲಕ ಹಾಕಿಕೊಂಡೆ. ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು. ಕಾಲು ಚಾಚಿ ಮಲಗಿದೆ, ಅಮ್ಮನೊಡನೆ ಬಾಯ್ತುಂಬ ಮಾತಾಡಿದೆ. ಆದರೆ ಮರುದಿನದಿಂದ ರೊಟ್ಟಿ ಮುಚ್ಚಿದ ತಾಟಿನಲ್ಲಿ ಹೊಸ್ತಿಲಿಗೆ ಬಂತು, ಜೊತೆಗೆ ಮಾತು ಬರಲಿಲ್ಲ. ಕೋಣೆ ದೊಡ್ಡದಾಯಿತು. ಬಚ್ಚಲುಮನೆಯಲ್ಲಿ ಎಷ್ಟು ಹೊತ್ತು ಕಳೆದರೂ ಕೇಳುವವರಿಲ್ಲ. ಮೊದಲು ಜನರ ನಡುವೆ ಸಿಕ್ಕಿಬಿದ್ದಿದ್ದೆ, ಈಗ ನಾನೇ ಹಾಕಿದ ಚಿಲಕದ ಒಳಗೆ ಸಿಕ್ಕಿಬಿದ್ದೆ. ತೆಗೆದು ಹೊರಗೆ ಹೋಗಲು ಮುಖವಿಲ್ಲ.

ನೀಲಿ ಮೀನು ಗಂಗಕ್ಕನ ಅಡುಗೆಮನೆಯ ಕಿಟಕಿಯಲ್ಲಿ ಬೇರೆ ತೊಟ್ಟಿ ಹಿಡಿಯಿತು. ಕೆಂಪನ ಬಾಲ ಅಂಚಿನಲ್ಲಿ ಹೊಸದಾಗಿ, ತೆಳ್ಳಗೆ ಚಿಗುರತೊಡಗಿತು. ಒಂದು ಭಾನುವಾರ ನೀರು ಬದಲಿಸುತ್ತಿದ್ದಾಗ ಆಯಿ ಹೊಸ್ತಿಲ ಆಚೆಯೇ ನಿಂತು ಕೇಳಿದರು:

"ಅದಕ್ಕ ಯಾರೂ ಆಗಂಗಿಲ್ಲೇನು?"

"ಅವನಂಥವರು ಆಗುವುದಿಲ್ಲ ಆಯಿ. ಬಣ್ಣದ ಬಾಲದವರೂ ಬೇಡ, ಬಾಲ ಕಚ್ಚುವವರೂ ಬೇಡ. ಬಸವನಹುಳು ಆಗಬಹುದು. ಅದು ತನ್ನ ಪಾಡಿಗೆ ಗಾಜಿನ ಪಾಚಿ ತಿಂದುಕೊಂಡಿರುತ್ತದೆ, ಮೈಮೇಲೆ ಬೀಳುವುದಿಲ್ಲ."

ಆಯಿ ಕತ್ತು ಚಾಚಿ ಕೆಂಪನನ್ನು ನೋಡಿದರು. "ಹಂಗಾರ ನಾನೂ ಬಸವನಹುಳ ಆಗತೇನಿ ತಗೋ. ಗ್ವಾಡಿಗೆ ಮಾರಿ ಮಾಡಿ ಮಲಗತೇನಿ, ಮಾತಾಡಸಂಗಿಲ್ಲ."

ನಗು ಬಂತು. ಬನ್ನಿ ಎಂದೆ. ಅಂದಿನಿಂದ ಅವರು ಕೊಟ್ಟ ಮಾತಿಗೆ ತಪ್ಪಿಲ್ಲ. ಗೋಡೆಗೆ ಮುಖ ಮಾಡಿ ಮಲಗುತ್ತಾರೆ. ಗೊರಕೆಯ ಬಗ್ಗೆ ಮಾತು ಕೊಟ್ಟಿರಲಿಲ್ಲ. ಈಗಲೂ ಕೆಲವು ದಿನ ಉಸಿರು ಕಟ್ಟುತ್ತದೆ, ಚಿಲಕದ ಕಡೆ ಕಣ್ಣು ಹೋಗುತ್ತದೆ.

ಮೊನ್ನೆ ರಜೆಗೆ ಊರಿಗೆ ಬಂದಿದ್ದೆನಲ್ಲ, ಬಂಗುಡೆ ಸಾರು ಉಂಡು ಮಧ್ಯಾಹ್ನ ನನ್ನ ಕೋಣೆಯಲ್ಲಿ ಮಲಗಿದೆ. ಬಾಗಿಲು ಹಾಕಿತ್ತು, ಯಾರೂ ಬರುವಂತಿರಲಿಲ್ಲ. ವರ್ಷವಿಡೀ ಇದಕ್ಕೇ ಹಂಬಲಿಸಿದ್ದವಳಿಗೆ ನಿದ್ದೆ ಹತ್ತಲೇ ಇಲ್ಲ. ಅಷ್ಟರಲ್ಲಿ ಆಯಿಯ ಫೋನು.

"ನಿನ್ನ ಕೆಂಪ ಆರಾಮ ಅದಾನವಾ. ಕನ್ನಡಿಗೆ ಅರಿವಿ ಮುಚ್ಚೇನಿ, ಒಬ್ಬನ ಇರಲಿ ಅಂತ." ಆಮೇಲೆ ಕೇಳಿದರು, "ನೀ ಒಬ್ಬಾಕಿನ ಮಲಗೀಯೇನು?"

"ಇಲ್ಲ ಆಯಿ, ಅಮ್ಮ ಇದ್ದಾಳೆ" ಎಂದು ಸುಳ್ಳು ಹೇಳಿದೆ. ಆಮೇಲೆ ಎದ್ದು ಹೋಗಿ ಚಿಲಕ ತೆಗೆದು ಬಂದು ಮಲಗಿದೆ.